ಅಜ್ಜಿಗೆ ಮರೆವಲ್ಲ, ಕಣ್ಣು ಮಬ್ಬು

ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರಿಂದ ಎಪ್ಪತ್ತೆರಡು ವರ್ಷದ ತಾಯಿಯನ್ನು ಮಗ ಬೆಳಗಿನ ಜಾವ ಕರೆತಂದಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಗ್ಲುಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ವಿಚಾರಿಸಿದರೆ, ರಾತ್ರಿ ಬಿ.ಪಿ. ಮಾತ್ರೆಯೆಂದು ತಿಳಿದು ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಇನ್ನೊಮ್ಮೆ ನುಂಗಿದ್ದರು.

"ಅವ್ವನಿಗೆ ಮರೆವು ಸ್ವಾಮಿ. ನೆಂಟರು ಬಂದರೆ ಗುರುತು ಹಿಡಿಯಲ್ಲ, ಸಂಜೆ ಆದ್ರೆ ಮೂಲೆ ಬಿಟ್ಟು ಏಳಲ್ಲ. ನೆನಪಿಗೆ ಒಂದು ಟಾನಿಕ್ ಬರ್ಕೊಡಿ" ಎಂದರು ಮಗ. ಟಾರ್ಚ್ ಹಾಕಿ ನೋಡಿದೆ. ಎರಡೂ ಕಣ್ಣಿನ ಪಾಪೆ ಮಜ್ಜಿಗೆಯಂತೆ ಬೆಳ್ಳಗಿತ್ತು. ಅಜ್ಜಿಯ ನೆನಪು ಚೆನ್ನಾಗಿಯೇ ಇತ್ತು. ನನ್ನನ್ನು ಅವರು ದನಿಯಿಂದ ಗುರುತಿಸುತ್ತಿದ್ದರು, ಅಷ್ಟೆ.

ವಯಸ್ಸಾದವರು ಕಣ್ಣು ಕಾಣುವುದಿಲ್ಲವೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಪೊರೆ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವುದರಿಂದ ಮಬ್ಬೇ ರೂಢಿಯಾಗಿಬಿಡುತ್ತದೆ. ಮಕ್ಕಳಿಗೆ ಖರ್ಚು ಎಂಬ ಅಳುಕೂ ಉಂಟು. ಆದ್ದರಿಂದ ಮನೆಯವರು ಅವರ ನಡವಳಿಕೆಯನ್ನು ಗಮನಿಸಬೇಕು. ಅಕ್ಕಿ ಆರಿಸುವುದನ್ನು ಬಿಟ್ಟಿದ್ದಾರೆಯೇ? ಸ್ಟೀಲ್ ಲೋಟಕ್ಕೆ ಮಜ್ಜಿಗೆ ಹುಯ್ಯುವಾಗ ತುಂಬಿ ಚೆಲ್ಲುತ್ತಾರೆಯೇ? ಮೆಟ್ಟಿಲಿಳಿಯುವಾಗ ಕಾಲಿನಿಂದ ತಡವುತ್ತಾರೆಯೇ? ಸಂಜೆ ಊಟಿ ರಸ್ತೆ ದಾಟಲು ಹೆದರುತ್ತಾರೆಯೇ? ಪೊರೆ ಬಂದ ಕಣ್ಣಿಗೆ ಎದುರು ವಾಹನದ ದೀಪ ಚದುರಿ ಎಲ್ಲವೂ ಬೆಳ್ಳಗಾಗುತ್ತದೆ. ಇದನ್ನೆಲ್ಲ ಸೋಮಾರಿತನ, ಅರಳು ಮರುಳು ಎಂದು ಬೈಯುವ ಮನೆಗಳೇ ಹೆಚ್ಚು.

ಪೊರೆಯಿಲ್ಲದಿದ್ದರೂ ವಯಸ್ಸಾದಂತೆ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಮೊಮ್ಮಗನಿಗೆ ಸಾಕಾಗುವ ದೀಪ ತಾತನಿಗೆ ಸಾಲದು.

ಎಲ್ಲ ಮಬ್ಬೂ ಪೊರೆಯಲ್ಲ. ಗ್ಲಾಕೋಮಾದಲ್ಲಿ ಅಕ್ಕಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತದೆ, ಬಾಗಿಲಿಗೆ ಭುಜ ತಾಗುತ್ತದೆ. ಹೋದ ನೋಟ ಮರಳದು, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಒಳಪದರ ತೋರಿಸಬೇಕು. ಒಂದೇ ಸಲಕ್ಕೆ ನೋಟ ಹೋದರೆ, ಕಣ್ಣು ಕೆಂಪಾಗಿ ನೋವು, ವಾಂತಿ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಿ.

"ಪೊರೆ ಇನ್ನೂ ಬಲಿತಿಲ್ಲ" ಎಂದು ಕಾಯುವವರು ಈಗಲೂ ಇದ್ದಾರೆ. ಡಾ. ಎಂ.ಸಿ. ಮೋದಿಯವರು (1916-2005) ಊರೂರು ಸುತ್ತಿ ಶಿಬಿರ ನಡೆಸಿದ ಕಾಲದಲ್ಲಿ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಆಗ ಕಾಯುವುದಕ್ಕೆ ಅರ್ಥವಿತ್ತು. ಈಗ ಕಣ್ಣೊಳಗೇ ಕೃತಕ ಮಸೂರ ಕೂರಿಸುತ್ತಾರೆ. ದಿನದ ಕೆಲಸಕ್ಕೆ ತೊಡಕಾದಾಗಲೇ ಆಪರೇಷನ್ನಿಗೆ ಸಮಯ. ತೀರ ಬಲಿತರೆ ಕೆಲಸ ಕಷ್ಟ, ಕಣ್ಣಿನ ಒತ್ತಡವೂ ಏರಬಹುದು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ವಿಚಾರಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ಓದಿಸಿ, ಆಮೇಲೆ ಅದಲುಬದಲು. ಒಂದು ಕಣ್ಣು ಹೋಗಿರುವುದು ಎಷ್ಟೋ ಜನರಿಗೆ ಹೀಗೆ ಮುಚ್ಚಿದಾಗಲೇ ತಿಳಿಯುವುದು. ಬಚ್ಚಲಿನ ದಾರಿಗೆ ರಾತ್ರಿ ದೀಪವಿರಲಿ. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಹೊಸ್ತಿಲಿಗೆ ಅರಿಶಿನ ಹಚ್ಚುವುದು ಶಾಸ್ತ್ರಕ್ಕೇ ಇರಬಹುದು, ಆದರೆ ಅಜ್ಜಿಯ ಕಾಲಿಗೂ ಅದರಿಂದ ಉಪಕಾರ. ಹೊಳೆಯುವ ಟೈಲ್ಸಿಗೆ ಆ ಗುಣವಿಲ್ಲ. ಬೆಳಗಿನ ಮಾತ್ರೆ, ರಾತ್ರಿ ಮಾತ್ರೆಗೆ ಬೇರೆ ಬೇರೆ ಗಾತ್ರದ ಡಬ್ಬಿಯಿಡಿ.

ಆ ಅಜ್ಜಿಗೆ ಒಂದು ಕಣ್ಣಿನ ಆಪರೇಷನ್ ಆಯಿತು. ತಿಂಗಳಾದ ಮೇಲೆ ಬಂದವರು ನನ್ನನ್ನು ದಿಟ್ಟಿಸಿ ನೋಡಿ, "ಅಯ್ಯೋ, ನಿಮ್ಮನ್ನ ಇನ್ನೂ ಹುಡುಗ ಅಂತಿದ್ದೆ, ತಲೆಯೆಲ್ಲ ನರೆತೋಗದಲ್ಲ" ಎಂದರು. ಎರಡನೆಯ ಕಣ್ಣಿಗೆ ದಿನ ಯಾವಾಗ ಎಂದು ಈ ಸಲ ಮಗನೇ ಕೇಳಿದರು.