ಮನೆಯ ಬೀಗದ ಕೈ ಯಾರ ಕೈಗೆ?

2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 54 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಸೆರೆಬ್ರಲ್ ಪಾಲ್ಸಿ ಇದ್ದ ಅವರು ಸ್ವಂತ ಮನೆಯಲ್ಲಿ ಒಬ್ಬರೇ ಇದ್ದರು. ಆರೈಕೆಗೆ ಸರ್ಕಾರ ಹಣ ಕೊಡುತ್ತಿತ್ತು, ಸಂಸ್ಥೆಯೊಂದು ಸಹಾಯಕಿಯನ್ನು ಕಳಿಸುತ್ತಿತ್ತು. ಆದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರ ಹಗಲು ರಾತ್ರಿಗಳು ಒಂದೇ ಬೆತ್ತದ ಕುರ್ಚಿಯಲ್ಲಿ ಕಳೆದಿದ್ದವು. ಒತ್ತುಹುಣ್ಣು, ಅಪೌಷ್ಟಿಕತೆ, ಮೈಗೆಲ್ಲ ಏರಿದ ನಂಜು. ಕೊನೆಗೆ ಅಂಗಾಂಗಗಳೇ ಸೋತವು.

ಸಹಾಯಕಿ ನರಹತ್ಯೆಯ ತಪ್ಪೊಪ್ಪಿಕೊಂಡು 2022ರಲ್ಲಿ ಆರು ವರ್ಷಕ್ಕೂ ಮೀರಿದ ಶಿಕ್ಷೆಗೆ ಗುರಿಯಾದಳು. ಸಾವಿನ ವಿಷಯವನ್ನು 24 ಗಂಟೆಯೊಳಗೆ ತಿಳಿಸದಿದ್ದ ಸಂಸ್ಥೆಗೆ 12,600 ಡಾಲರ್ ದಂಡ ಬಿತ್ತು, ಆಮೇಲೆ ಅದರ ನೋಂದಣಿಯೂ ರದ್ದಾಯಿತು. ಸ್ವತಂತ್ರ ಪರಿಶೀಲನೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಅಲನ್ ರಾಬರ್ಟ್‌ಸನ್ ಅವರ ಮುಖ್ಯ ಶಿಫಾರಸು ತೀರ ಸರಳವಾಗಿತ್ತು: ಅಸಹಾಯಕ ಸ್ಥಿತಿಯಲ್ಲಿರುವ ಯಾರನ್ನೂ ಅವರ ಮನೆಯಲ್ಲಿ ಒಬ್ಬನೇ ಸಹಾಯಕನ ಕೈಗೆ ಒಪ್ಪಿಸಬಾರದು.

ಸ್ನಾನ ಮಾಡಿಸುವ, ಊಟ ಮಾಡಿಸುವ, ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವ ಕೆಲಸ ಸಹಾಯಕರದು. ಎಷ್ಟೋ ಮನೆಗಳಲ್ಲಿ ಬಾಗಿಲ ಬೀಗದ ಕೈ, ಬ್ಯಾಂಕ್ ಕಾರ್ಡು, ಮಾತ್ರೆ ಡಬ್ಬಿ ಎಲ್ಲವೂ ಸಹಾಯಕರ ಸುಪರ್ದಿಯಲ್ಲೇ ಇರುತ್ತವೆ. ಮಾತು ಬಾರದವರಿಗೆ ದೂರು ಹೇಳುವ ದಾರಿಯೂ ಇಲ್ಲ. ಅಂಥ ಮನೆಯೊಳಗೆ ಕಾಲಿಡುವವರು ಯಾರು, ಅವರ ಹಿಂದಿನ ನಡತೆ ಎಂಥದು ಎಂದು ಕೇಳುವುದು ಅನುಮಾನದ ಬುದ್ಧಿಯಲ್ಲ. ಆ ಮನೆಯವರಿಗೆ ಸಲ್ಲಬೇಕಾದ ಕನಿಷ್ಠ ಗೌರವ.

ಆಸ್ಟ್ರೇಲಿಯಾ ಈ ಪ್ರಶ್ನೆಗೆ ದೇಶಕ್ಕೆಲ್ಲ ಒಂದೇ ಉತ್ತರ ಕಂಡುಕೊಂಡದ್ದು ತಡವಾಗಿ. ಅಂಗವಿಕಲರ ನೆರವಿಗೆಂದು ರೂಪುಗೊಂಡ ರಾಷ್ಟ್ರೀಯ ವಿಮಾ ಯೋಜನೆ, ಎಲ್ಲರ ಬಾಯಲ್ಲಿ ಎನ್‌ಡಿಐಎಸ್, 2013ರಲ್ಲೇ ಶುರುವಾಗಿತ್ತು. ಇಂದು ಅದರಿಂದ ನೆರವು ಪಡೆಯುವವರು 6 ಲಕ್ಷಕ್ಕೂ ಹೆಚ್ಚು. ಆದರೆ ಕೆಲಸಗಾರರ ತಪಾಸಣೆಯನ್ನು ಪ್ರತಿ ರಾಜ್ಯವೂ ತನ್ನದೇ ರೀತಿಯಲ್ಲಿ ಮಾಡುತ್ತಿತ್ತು. ಹೀಗೆ ಮಾಹಿತಿ ಗಡಿಯಲ್ಲೇ ನಿಂತುಬಿಟ್ಟರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ 2002ರಲ್ಲೇ ಕಂಡಿತ್ತು. ಸೋಹಮ್ ಎಂಬ ಊರಿನಲ್ಲಿ ಇಬ್ಬರು ಬಾಲಕಿಯರನ್ನು ಕೊಂದವನು ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲಿದ್ದ ಹಳೆಯ ಲೈಂಗಿಕ ಆರೋಪಗಳು ಬೇರೆ ಪ್ರಾಂತದ ಪೊಲೀಸರಿಗೆ ಗೊತ್ತಿದ್ದವು, ಕೆಲಸ ಕೊಟ್ಟವರಿಗೆ ಗೊತ್ತಿರಲಿಲ್ಲ.

ಆಸ್ಟ್ರೇಲಿಯಾದ ಹೊಸ ತಪಾಸಣಾ ಪದ್ಧತಿ 2021ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ನಾರ್ದರ್ನ್ ಟೆರಿಟರಿ ಮಾತ್ರ ಜುಲೈನಲ್ಲಿ ಸೇರಿಕೊಂಡಿತು. ಕೆಲಸ ಬಯಸುವವರ ಅರ್ಜಿಯನ್ನು ರಾಜ್ಯದ ತಪಾಸಣಾ ಘಟಕ ಪರಿಶೀಲಿಸುತ್ತದೆ. ಫಲಿತಾಂಶ ಎರಡೇ ಬಗೆ: ಕ್ಲಿಯರೆನ್ಸ್, ಇಲ್ಲವೇ ನಿಷೇಧ. ಕ್ಲಿಯರೆನ್ಸ್ ಐದು ವರ್ಷ ನಡೆಯುತ್ತದೆ, ಯಾವ ರಾಜ್ಯಕ್ಕೆ ಹೋದರೂ ಸಲ್ಲುತ್ತದೆ.

ಮಾಮೂಲಿ ಪೊಲೀಸ್ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಪೊಲೀಸ್ ಪತ್ರ ಅದನ್ನು ಕೊಟ್ಟ ದಿನದ ಮಟ್ಟಿಗೆ ನಿಜ, ಮರುದಿನವೇ ಬಂಧನವಾದರೂ ಪತ್ರದಲ್ಲಿ ಒಂದಕ್ಷರ ಬದಲಾಗದು. ಇಲ್ಲಿ ಹಾಗಲ್ಲ. ಶಿಕ್ಷೆಯಾದ ಅಪರಾಧಗಳ ಜೊತೆಗೆ ವಿಚಾರಣೆಯಲ್ಲಿರುವ ಆರೋಪಗಳನ್ನೂ ಉದ್ಯೋಗದಲ್ಲಿ ನಡೆದ ದುರ್ನಡತೆಯ ದಾಖಲೆಗಳನ್ನೂ ತೂಗಿ ನೋಡಲಾಗುತ್ತದೆ. ಕ್ಲಿಯರೆನ್ಸ್ ಸಿಕ್ಕ ಮೇಲೂ ನಿಗಾ ಮುಂದುವರಿಯುತ್ತದೆ. ಹೊಸ ಆರೋಪ ಬಂದರೆ ಅವಧಿಯ ನಡುವೆಯೇ ಅಮಾನತು ಮಾಡಬಹುದು. ಕೆಲವು ಘೋರ ಅಪರಾಧಗಳಿಗೆ ಬಾಗಿಲು ಪೂರ್ತಿ ಮುಚ್ಚಿದೆ. ಉಳಿದವುಗಳಲ್ಲಿ ಅರ್ಜಿದಾರನ ವಾದವನ್ನೂ ಕೇಳುತ್ತಾರೆ. ಇಪ್ಪತ್ತರ ಹರೆಯದಲ್ಲಿ ಮಾಡಿದ ಸಣ್ಣ ತಪ್ಪೊಂದು ಜೀವನಪೂರ್ತಿ ಅನ್ನ ಕಸಿಯಬಾರದಷ್ಟೆ.

ಕನ್ನಡದ ಮನೆಗಳಿಗೂ ಇದು ದೂರದ ಸಂಗತಿಯಲ್ಲ. ಮೆಲ್ಬರ್ನ್, ಸಿಡ್ನಿಗಳಿಗೆ ಓದಲು ಹೋದ ಭಾರತೀಯ ವಿದ್ಯಾರ್ಥಿಗಳಲ್ಲಿ ಅನೇಕರು ಖರ್ಚಿಗಾಗಿ ಹಿಡಿಯುವುದು ಈ ಸಹಾಯಕರ ಕೆಲಸವನ್ನೇ. ನೋಂದಾಯಿತ ಸಂಸ್ಥೆಯಲ್ಲಿ ನೇರ ಆರೈಕೆಯ ಕೆಲಸಕ್ಕೆ ಸೇರುವವರಿಗೆ ಈ ಕ್ಲಿಯರೆನ್ಸ್ ಕಡ್ಡಾಯ. ಜೊತೆಗೆ ಸುಮಾರು ಒಂದೂವರೆ ಗಂಟೆಯ ಆನ್‌ಲೈನ್ ಪಾಠವೂ ಇದೆ: ಯಾರ ಬದುಕಿಗೆ ನೆರವಾಗುತ್ತೀರೋ ಆ ಬದುಕಿನ ತೀರ್ಮಾನ ಅವರದೇ ಎಂಬುದು ಅದರ ತಿರುಳು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೌರ್ಜನ್ಯಕ್ಕೆ ಶಿಕ್ಷೆ ವಿಧಿಸುತ್ತದೆ. ಆದರೆ ಶಿಕ್ಷೆ ಬರುವುದು ಕೇಡಾದ ಮೇಲೆ.

ಹಾಗೆಂದು ಆಸ್ಟ್ರೇಲಿಯಾದ ಬಲೆಯಲ್ಲಿ ತೂತಿಲ್ಲವೆಂದಲ್ಲ. ತಮ್ಮ ಪಾಲಿನ ಹಣವನ್ನು ತಾವೇ ನಿರ್ವಹಿಸುವ ಅಂಗವಿಕಲರು ನೋಂದಣಿಯಿಲ್ಲದವರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಅಲ್ಲಿ ತಪಾಸಣೆ ಕಡ್ಡಾಯವಲ್ಲ, ಬೇಕೆಂದು ಕೇಳಬಹುದು. ಈ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ಅನೇಕರು ಸಿದ್ಧರಿಲ್ಲ, ಅವರ ಹಠದಲ್ಲಿ ನ್ಯಾಯವಿದೆ. ಯಾರು ಎಬ್ಬಿಸಬೇಕು, ಎಷ್ಟು ಹೊತ್ತಿಗೆ ಮಲಗಿಸಬೇಕು ಎಂಬುದನ್ನೆಲ್ಲ ಸಂಸ್ಥೆಗಳೇ ತೀರ್ಮಾನಿಸುತ್ತಿದ್ದ ಕಾಲವನ್ನು ಕಂಡುಂಡವರು ಅವರು. ಆದರೆ ಈ ಆಯ್ಕೆಯ ನೆರಳಲ್ಲೇ ದುರುಳರೂ ನುಸುಳಬಲ್ಲರು ಎಂಬುದೂ ಅಷ್ಟೇ ನಿಜ. ಅಂಗವಿಕಲರ ಮೇಲಿನ ದೌರ್ಜನ್ಯದ ತನಿಖೆಗೆ 2019ರಲ್ಲಿ ರಚನೆಯಾದ ರಾಯಲ್ ಕಮಿಷನ್ 2023ರ ಸೆಪ್ಟೆಂಬರ್‌ನಲ್ಲಿ 222 ಶಿಫಾರಸುಗಳ ವರದಿ ಕೊಟ್ಟ ಮೇಲೂ ಈ ಜಗ್ಗಾಟ ನಿಂತಿಲ್ಲ. ಯಾರೆಲ್ಲ ನೋಂದಾಯಿಸಿಕೊಳ್ಳಬೇಕು ಎಂದು ಸಲಹೆ ಕೊಡಲು 2024ರಲ್ಲಿ ನೇಮಕವಾದ ಕಾರ್ಯಪಡೆಯ ಅಧ್ಯಕ್ಷತೆ ವಹಿಸಿದವರು ಸ್ವತಃ ಅಂಗವಿಕಲರಾದ ವಕೀಲೆ ನಟಾಲಿ ವೇಡ್. ಅನುಭವಿಸುವವರ ದನಿಯೇ ಮೇಜಿನ ತಲೆಗೆ ಕೂತದ್ದು ಸರಿಯಾದ ಕ್ರಮ.

ಸದ್ಯಕ್ಕೆ ನಡುದಾರಿಯೊಂದಿದೆ. ತಮ್ಮ ಹಣ ತಾವೇ ನಿರ್ವಹಿಸುವವರೂ ತಪಾಸಣೆಯ ರಾಷ್ಟ್ರೀಯ ದತ್ತಾಂಶಕೋಶಕ್ಕೆ ಪ್ರವೇಶ ಕೇಳಬಹುದು. ಸಹಾಯಕರ ಹೆಸರನ್ನು ಅಲ್ಲಿ ತಮ್ಮ ಖಾತೆಗೆ ಜೋಡಿಸಿಕೊಂಡರೆ, ಅವರ ಕ್ಲಿಯರೆನ್ಸ್ ಅಮಾನತಾದಾಗ ಇಲ್ಲವೇ ರದ್ದಾದಾಗ ಸೂಚನೆ ಬರುತ್ತದೆ.