ನಿಯತಕಾಲದ ಆಜ್ಞೆಯೂ ಅದರ ವರದಿಯೂ

ಗೊತ್ತಾದ ವೇಳೆಗೆ ಒಂದು ಕೆಲಸ ನಡೆಯಬೇಕು. ನಡೆದ ಕೆಲಸದ ಫಲ ಗೊತ್ತಾದ ಸ್ಥಳವನ್ನು ತಲಪಬೇಕು. ಈ ಎರಡು ನಿಯಮಗಳ ಮೇಲೆ ನಿಂತ ವ್ಯವಸ್ಥೆಗಳು ನಮಗೆ ಹೊಸವಲ್ಲ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ಮಳೆಯ ಲೆಕ್ಕವೇ ಇದಕ್ಕೆ ಉತ್ತಮ ನಿದರ್ಶನ. ನಮ್ಮ ನಗರದ ಪೂರ್ವಭಾಗದ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಾಗಲಿ, ದೇಶದ ಇನ್ನಾವುದೇ ವೀಕ್ಷಣಾಲಯದಲ್ಲಾಗಲಿ, ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಅಳೆದು ಆ ದಿನದ ತಾರೀಖಿನಲ್ಲಿ ದಾಖಲು ಮಾಡುತ್ತಾರೆ. ಮಳೆ ಬಾರದ ದಿನವೂ ಅಂಕಣವನ್ನು ಬರಿದಾಗಿ ಬಿಡಬಾರದು, ಸೊನ್ನೆಯನ್ನು ಬರೆಯತಕ್ಕದ್ದು. ಸೊನ್ನೆಯು ‘ನೋಡಿದೆವು, ಮಳೆ ಇರಲಿಲ್ಲ’ ಎಂದು ಹೇಳುತ್ತದೆ. ಬರಿಯ ಅಂಕಣವು ಏನನ್ನೂ ಹೇಳದು. ಈ ಅಂತರವನ್ನು ಮರೆತರೆ ಎಂಥ ಹಾನಿಯಾಗುವುದೆಂಬುದನ್ನು, ಗಣಕಯಂತ್ರದಲ್ಲಿ ಇದೇ ಬಗೆಯ ಕೆಲಸ ಮಾಡುವ ಒಂದು ಉಪಕರಣದ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಉಪಕರಣದ ಹೆಸರು ಕ್ರಾನ್. ಕಾಲವೆಂಬ ಅರ್ಥದ ಗ್ರೀಕ್ ಶಬ್ದದ ಛಾಯೆ ಈ ಹೆಸರಿನಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಿಂದ 1979ರಲ್ಲಿ ಹೊರಬಂದ ಯುನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯಲ್ಲಿಯೇ ಇದು ಇದ್ದಿತು. 1987ರಲ್ಲಿ ಪಾಲ್ ವಿಕ್ಸಿ ಎಂಬವರು ಬರೆದ ರೂಪವು ಇಂದಿನ ಅನೇಕ ಲಿನಕ್ಸ್ ಯಂತ್ರಗಳಲ್ಲಿರುವ ರೂಪಕ್ಕೆ ಮೂಲವಾಯಿತು. ಯಾವ ವೇಳೆಗೆ ಯಾವ ಆಜ್ಞೆ ನಡೆಯಬೇಕೆಂಬುದನ್ನು ಕ್ರಾನ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಒಂದೊಂದು ಸಾಲಾಗಿ ಬರೆದಿಡಬೇಕು. ಸಾಲಿನ ಆರಂಭದಲ್ಲಿ ಐದು ಅಂಕಣಗಳಿರುತ್ತವೆ: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ. ‘30 8 * * *’ ಎಂದು ಬರೆದರೆ ಪ್ರತಿದಿನವೂ ಬೆಳಗಿನ 8.30 ಎಂದರ್ಥ, ನಕ್ಷತ್ರ ಚಿಹ್ನೆಯು ‘ಎಲ್ಲವೂ’ ಎಂಬುದನ್ನು ಸೂಚಿಸುತ್ತದೆ. ವಾರಗಳ ಎಣಿಕೆಯಲ್ಲಿ ಭಾನುವಾರಕ್ಕೆ 0. ತಿಂಗಳ ದಿನ, ವಾರ ಎರಡನ್ನೂ ನಿರ್ದಿಷ್ಟವಾಗಿ ಕೊಟ್ಟರೆ ಎರಡೂ ಕೂಡಿದ ದಿನ ಮಾತ್ರ ಆಜ್ಞೆ ನಡೆಯುವುದೆಂದು ಎಣಿಸುವುದು ಸಹಜ; ಆದರೆ ಎರಡರಲ್ಲಿ ಯಾವುದೊಂದು ಒದಗಿದರೂ ಅದು ನಡೆಯುತ್ತದೆ.

ಇನ್ನು ಗಡಿಯಾರದ ವಿಚಾರ. ದೂರದಲ್ಲಿರುವ ಬಾಡಿಗೆಯ ಯಂತ್ರಗಳು ಸಾಮಾನ್ಯವಾಗಿ ವಿಶ್ವಕಾಲವನ್ನು ಅನುಸರಿಸುತ್ತವೆ. ಭಾರತೀಯ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಆದುದರಿಂದ ನಮ್ಮ ಬೆಳಗಿನ 8.30 ಅಲ್ಲಿ 3.00 ಗಂಟೆ. ನಮ್ಮಲ್ಲಿ ಬುಧವಾರ ಬೆಳಗಿನ ಜಾವ 2 ಗಂಟೆಯಾದಾಗ ಅಲ್ಲಿ ಇನ್ನೂ ಮಂಗಳವಾರ ರಾತ್ರಿ 8.30. ಗಂಟೆಯನ್ನು ತಿದ್ದಿ ವಾರವನ್ನು ತಿದ್ದದಿದ್ದರೆ ಕೆಲಸವು ಒಂದು ದಿನ ತಪ್ಪಿ ನಡೆಯುತ್ತದೆ. ವರದಿಯ ತಾರೀಖೂ ನಮ್ಮ ತಾರೀಖೂ ಹೊಂದುವುದಿಲ್ಲ. ಶಾಸನಗಳ ಕಾಲನಿರ್ಣಯದಲ್ಲಿ ತಿಥಿ ವಾರಗಳನ್ನು ಹೊಂದಿಸಿ ನೋಡುವ ಅಭ್ಯಾಸವುಳ್ಳ ನಮಗೆ ಈ ಎಚ್ಚರಿಕೆ ಹೊಸದೆನಿಸಬೇಕಾಗಿಲ್ಲ.

ಇಷ್ಟನ್ನು ತಿಳಿದ ಮಾತ್ರಕ್ಕೆ ವ್ಯವಸ್ಥೆ ಪೂರ್ಣವಾಗದೆಂಬುದನ್ನು ನಾವು ನಷ್ಟಪಟ್ಟು ಕಲಿತೆವು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದ ಹಳೆಯ ಕಟ್ಟಡಗಳ ಅಸ್ತಿಭಾರದ ಕಲ್ಲುಗಳನ್ನೂ ಅಂಗಡಿಗಳ ಹೆಸರುಹಲಗೆಗಳನ್ನೂ ನಮ್ಮ ವಿದ್ಯಾರ್ಥಿಗಳು ಶಿವಾಜಿನಗರ ಹಲಸೂರುಗಳ ಬೀದಿಗಳಲ್ಲಿ ತಿರುಗಿ ಛಾಯಾಚಿತ್ರಗಳಲ್ಲಿ ಸಂಗ್ರಹಿಸುತ್ತಿದ್ದರು. ಇಂಥ ಕೆಲಸಕ್ಕೆ ಅವಸರವುಂಟು. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದುದನ್ನು ಊರು ಮರೆತಿಲ್ಲ. ಪ್ರತಿ ರಾತ್ರಿ ಈ ಚಿತ್ರಗಳ ಪ್ರತಿಯೊಂದು ಇನ್ನೊಂದು ಕಟ್ಟಡದ ಯಂತ್ರಕ್ಕೆ ಹೋಗುವಂತೆ ಕ್ರಾನ್‌ಟ್ಯಾಬಿನಲ್ಲಿ ಒಂದು ಸಾಲನ್ನು ಬರೆದಿದ್ದೆವು. ಕೈಯಾರೆ ನಡೆಸಿ ನೋಡಿದಾಗ ಆಜ್ಞೆ ಸರಿಯಾಗಿ ನಡೆದಿತ್ತು. ದಿನವೂ ಬರುವ ಸಂದೇಶಗಳ ಕಾಟವೇಕೆಂದು ಅದರ ಮಾತನ್ನೆಲ್ಲ ‘ನಲ್’ ಎಂಬ ಶೂನ್ಯಕೂಪಕ್ಕೆ ತಳ್ಳಿದ್ದೆವು. ಒಂದು ಮಳೆಗಾಲ ಕಳೆದ ಮೇಲೆ ಮೂಲ ಯಂತ್ರದ ಡಿಸ್ಕು ಕೆಟ್ಟಿತು. ಪ್ರತಿಯನ್ನು ತೆರೆದು ನೋಡಿದರೆ ಮೊದಲ ದಿನ ಕೈಯಾರೆ ಕಳುಹಿಸಿದ ಚಿತ್ರಗಳು ಮಾತ್ರ ಇದ್ದವು. ಆ ಮಳೆಗಾಲದಲ್ಲಿ ತೆಗೆದವುಗಳಲ್ಲಿ ಒಂದೂ ಉಳಿಯಲಿಲ್ಲ. ಅವುಗಳಲ್ಲಿದ್ದ ಕೆಲವು ಮನೆಗಳು ಅಷ್ಟರಲ್ಲಿ ನೆಲಸಮವಾಗಿದ್ದುವು. ಮತ್ತೆ ಹೋಗಿ ಚಿತ್ರ ತೆಗೆಯುವ ಮಾತೇ ಇರಲಿಲ್ಲ.

ಕಾರಣ ಅತ್ಯಲ್ಪ. ನಾವು ಯಂತ್ರದ ಮುಂದೆ ಕುಳಿತಾಗ ಆಜ್ಞೆಗಳನ್ನು ಹುಡುಕುವ ಕೋಶಗಳ ಪಟ್ಟಿ, ಅಂದರೆ ಪಾತ್, ದೊಡ್ಡದಾಗಿರುತ್ತದೆ. ಕ್ರಾನ್‌ಗೆ ದೊರೆಯುವ ಪಟ್ಟಿ ಬಹಳ ಚಿಕ್ಕದು. ನಕಲು ಮಾಡುವ ಕ್ರಮವಿಧಿ ಅದರ ಕಣ್ಣಿಗೆ ಬೀಳಲೇ ಇಲ್ಲ. ‘ಆಜ್ಞೆ ದೊರೆಯಲಿಲ್ಲ’ ಎಂದು ಯಂತ್ರವು ಪ್ರತಿ ರಾತ್ರಿಯೂ ಹೇಳುತ್ತಿತ್ತು. ಆ ಮಾತು ಕೇಳದಂತೆ ಮಾಡಿದವರು ನಾವೇ.

ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮವಿದು. ಮೊದಲನೆಯದಾಗಿ, ಆಜ್ಞೆಯ ಪೂರ್ಣ ವಿಳಾಸವನ್ನು ಸಾಲಿನಲ್ಲಿಯೇ ಬರೆಯಬೇಕು. ಸಾಲಿನಲ್ಲಿ ಶೇಕಡಾ ಚಿಹ್ನೆ ಬಂದರೆ ಕ್ರಾನ್ ಅದನ್ನು ಸಾಲಿನ ಕೊನೆಯೆಂದು ತಿಳಿಯುವುದರಿಂದ ಅದರ ಹಿಂದೆ ಓರೆಗೆರೆಯನ್ನು ಹಾಕತಕ್ಕದ್ದು. ಎರಡನೆಯದಾಗಿ, ಆಜ್ಞೆಯ ಮಾತು ಎರಡು ಕಾಲುವೆಗಳಲ್ಲಿ ಹರಿಯುತ್ತದೆ: ಒಂದರಲ್ಲಿ ಫಲಿತಾಂಶ, ಇನ್ನೊಂದರಲ್ಲಿ ದೋಷದ ಸೂಚನೆ. ಎರಡನ್ನೂ ಉಳಿಸಿಕೊಳ್ಳಬೇಕು. ‘ಮೇಲ್‌ಟು’ ಎಂಬ ಸಾಲಿನಲ್ಲಿ ವಿಳಾಸವನ್ನು ಕೊಟ್ಟರೆ ಕ್ರಾನ್ ಇವನ್ನು ಅಂಚೆಯಾಗಿ ಕಳುಹಿಸುತ್ತದೆ. ಆದರೆ ಯಂತ್ರದಲ್ಲಿ ಅಂಚೆಯ ಏರ್ಪಾಟು ಇರಬೇಕು. ಮೂರನೆಯದಾಗಿ, ಆಜ್ಞೆ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆಯನ್ನು ಗಮನಿಸಬೇಕು: 0 ಎಂದರೆ ಸಫಲ, ಬೇರೆ ಯಾವುದಾದರೂ ವಿಫಲ. ಇಲ್ಲಿಯೂ ಸೊನ್ನೆ ಒಂದು ಹೇಳಿಕೆಯೇ ಹೊರತು ಮೌನವಲ್ಲ.

ಯಂತ್ರಗಳು ಹಲವಾದಾಗ ಅಂಚೆಯಷ್ಟೇ ಸಾಲದು. ನಿಯತಕಾಲಕ್ಕೆ ಆಜ್ಞೆಯನ್ನು ನಡೆಸಿ ಅದರ ಫಲವನ್ನು ಕೇಂದ್ರ ಭಂಡಾರಕ್ಕೆ ಸಾಗಿಸುವ ಎಕ್ಸೆಕ್‌ಬೀಟ್‌ನಂಥ ಉಪಕರಣಗಳು ಇದಕ್ಕಾಗಿಯೇ ಹುಟ್ಟಿದವು. ಇವುಗಳ ವಿನ್ಯಾಸಪತ್ರದಲ್ಲಿ ವೇಳೆ, ಆಜ್ಞೆ, ಆಜ್ಞೆಗೆ ಒದಗಿಸುವ ವಿವರಗಳು, ಫಲವನ್ನು ಒಪ್ಪಿಸಬೇಕಾದ ವಿಳಾಸ, ಇವನ್ನು ಬರೆಯಬೇಕು. ನಡೆದ ಕಾಲ, ಎರಡು ಕಾಲುವೆಗಳ ಮಾತು, ಕೊನೆಯ ಸಂಖ್ಯೆ ಎಲ್ಲವೂ ಒಂದೇ ದಾಖಲೆಯಾಗಿ ಭಂಡಾರವನ್ನು ಸೇರುತ್ತವೆ. ಇಂಥ ಕೆಲವು ಉಪಕರಣಗಳಲ್ಲಿ ವೇಳೆಯ ಅಂಕಣಗಳು ಆರು, ಮೊದಲನೆಯದು ಸೆಕೆಂಡು. ಕ್ರಾನ್‌ಟ್ಯಾಬಿನ ಸಾಲನ್ನು ಹಾಗೆಯೇ ಎತ್ತಿ ಬರೆದರೆ ಅರ್ಥ ಕೆಡುವುದು.

ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ. ನಿಗದಿಯಾದ ವೇಳೆಯಲ್ಲಿ ವಿದ್ಯುತ್ತು ಹೋಗಿ ಯಂತ್ರ ನಿಂತಿದ್ದರೆ ಕ್ರಾನ್ ಆ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ನಿಂತ ಯಂತ್ರ ದೋಷವನ್ನು ವರದಿ ಮಾಡುವುದೂ ಇಲ್ಲ. ಆದುದರಿಂದ ವರದಿಯನ್ನು ಸ್ವೀಕರಿಸುವ ಕಡೆಯಲ್ಲಿ ಬೇರೊಂದು ಕಾವಲಿರಬೇಕು: ಗೊತ್ತಾದ ಗಡುವಿನೊಳಗೆ ವರದಿ ಬಾರದಿದ್ದರೆ ಅದು ನಮ್ಮನ್ನು ಎಚ್ಚರಿಸಬೇಕು. ಬಂದ ವರದಿಯಲ್ಲಿ ‘ಮುಗಿಯಿತು’ ಎಂಬ ಮಾತಿಗಿಂತ ಎಷ್ಟು ಚಿತ್ರಗಳು ಹೋದವು, ಮೂಲಕ್ಕೂ ಪ್ರತಿಗೂ ತಾಳೆಯಾಯಿತೆ ಎಂಬ ಲೆಕ್ಕವಿರುವುದು ಮೇಲು. ತಿಂಗಳಿಗೊಮ್ಮೆ ಪ್ರತಿಯಿಂದ ಒಂದು ಚಿತ್ರವನ್ನು ತೆರೆದು ಕಣ್ಣಾರೆ ನೋಡುವುದು ಅದಕ್ಕಿಂತಲೂ ಮೇಲು.

ಆಧಾರವಿಲ್ಲದ ಕಡೆ ಏನೂ ನಡೆದಿರಲಿಲ್ಲವೆಂದು ತೀರ್ಮಾನಿಸಕೂಡದೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಯಂತ್ರ ಸುಮ್ಮನಿರುವಾಗ ಎಲ್ಲವೂ ಸರಿಯಾಗಿ ನಡೆದಿದೆಯೆಂದು ತೀರ್ಮಾನಿಸುವುದೂ ಅದೇ ಬಗೆಯ ತಪ್ಪು. ನಮ್ಮ ವಿಭಾಗದ ಯಂತ್ರವು ಈಗ ಹೊಸ ಚಿತ್ರವೊಂದೂ ಸೇರದ ರಾತ್ರಿಯಲ್ಲಿಯೂ ವರದಿಯನ್ನು ಕಳುಹಿಸುತ್ತದೆ. ಅದರಲ್ಲಿ ಸೊನ್ನೆ ಎಂದು ಬರೆದಿರುತ್ತದೆ.