ಉಲೋ ಅವರ ಬೇಸಿಗೆ ರಜೆ

ಹೋದ ಬೇಸಿಗೆಯಲ್ಲಿ ಐದನೇ ಕ್ಲಾಸಿನ ಮೊಮ್ಮಗ ಬಂದಿದ್ದ. ಅವನನ್ನು ಕೂರಿಸಿಕೊಂಡು ಒಂದು ಹಳೆಯ ಸಿನಿಮಾ ಹಾಕಿದೆ. ಕಪ್ಪು-ಬಿಳುಪು, ಸಾಲದ್ದಕ್ಕೆ ಫ್ರೆಂಚ್ ಭಾಷೆ. ಐದೇ ನಿಮಿಷಕ್ಕೆ, "ಅಜ್ಜಾ, ಕಥೆ ಯಾವಾಗ ಶುರು ಆಗತ್ತೆ?" ಎಂದ.

"ಇದರಲ್ಲಿ ಕಥೆ ಇಲ್ಲ ಮರಿ, ಬರೀ ರಜೆ ಇದೆ" ಎಂದೆ.

1953ರಲ್ಲಿ ತೆರೆ ಕಂಡ ಈ ಚಿತ್ರದಲ್ಲಿ ಜಾಕ್ ತಾತಿ ಎಂಬಾತ ತಾನೇ ನಿರ್ದೇಶಕ, ತಾನೇ ನಾಯಕ ಉಲೋ. ಉದ್ದನೆಯ ಆಳು, ಬಾಯಲ್ಲಿ ಪೈಪು, ಮುಂದಕ್ಕೆ ವಾಲಿದ ನಡಿಗೆ. ಫ್ರಾನ್ಸಿನಲ್ಲಿ ನೌಕರರಿಗೆಲ್ಲ ಸಂಬಳದೊಡನೆ ಎರಡು ವಾರ ರಜೆ ಕೊಡುವ ಕಾನೂನು ಬಂದದ್ದು 1936ರಲ್ಲಿ. ರಜೆ ಸಿಕ್ಕ ಮೇಲೆ ಜನ ಸಮುದ್ರಕ್ಕೆ ಓಡಿದರು. ಉಲೋ ಕೂಡ ತನ್ನ ಡಕೋಟಾ ಕಾರಿನಲ್ಲಿ ಹೊರಡುತ್ತಾನೆ. ಚಿತ್ರ ತೆಗೆದದ್ದು ಪಶ್ಚಿಮ ಕರಾವಳಿಯ ಸಾಂ-ಮಾರ್ಕ್ ಎಂಬ ಪುಟ್ಟ ಊರಿನಲ್ಲಿ. ಈಗ ಅಲ್ಲಿ ಕಡಲನ್ನು ನೋಡುತ್ತ ನಿಂತ ಉಲೋ ಪ್ರತಿಮೆಯೇ ಇದೆ.

ಮೊದಲ ನಗು ರೈಲ್ವೆ ಸ್ಟೇಷನ್ನಿನಲ್ಲಿ. ಧ್ವನಿವರ್ಧಕ ಗೊರಗೊರ ಎನ್ನುತ್ತದೆ, ಒಂದಕ್ಷರ ತಿಳಿಯದು. ಜನ ಗಂಟುಮೂಟೆ ಹೊತ್ತು ಈ ಪ್ಲಾಟ್‌ಫಾರಂನಿಂದ ಆ ಪ್ಲಾಟ್‌ಫಾರಂಗೆ ಓಡಿದರೆ ರೈಲು ಬರುವುದು ಇನ್ನೆಲ್ಲೋ! ಇದಕ್ಕೆ ಅನುವಾದ ಬೇಕೇ?

ಉಲೋ ಹೋಟೆಲಿನ ಬಾಗಿಲು ತೆರೆದಿಟ್ಟರೆ ಗಾಳಿ ನುಗ್ಗಿ ಎಲ್ಲ ಚೆಲ್ಲಾಪಿಲ್ಲಿ. ಕಾರಿನ ಟ್ಯೂಬಿಗೆ ಒದ್ದೆ ಎಲೆಗಳು ಅಂಟಿಕೊಂಡರೆ ಸ್ಮಶಾನದವರು ಅದನ್ನೇ ಹೂವಿನ ಚಕ್ರವೆಂದು ತಿಳಿದು ಒಯ್ಯುತ್ತಾರೆ. ಮೊಮ್ಮಗನಿಗೆ ಹಿಡಿಸಿದ್ದು ಮಾತ್ರ ಒಬ್ಬ ಪುಟಾಣಿ. ಎರಡು ಕೈಯಲ್ಲಿ ಎರಡು ಐಸ್‌ಕ್ರೀಂ ಹಿಡಿದು ಮೆಟ್ಟಿಲು ಹತ್ತಿ, ಬಾಗಿಲ ಹಿಡಿ ತಿರುಗಿಸಬೇಕು. ಕೋನ್ ವಾಲುತ್ತದೆ, ಐಸ್‌ಕ್ರೀಂ ಬೀಳುವುದಿಲ್ಲ. ನಮ್ಮವನು ಉಸಿರು ಬಿಗಿಹಿಡಿದಿದ್ದ.

ದಿನವಿಡೀ ಸುತ್ತಾಡುವ ವೃದ್ಧ ದಂಪತಿ ಒಬ್ಬರಿದ್ದಾರೆ. ಹೆಂಡತಿ ಮುಂದೆ, ಗಂಡ ಹಿಂದೆ. "ಇವರು ನಮ್ಮನ್ನ ಯಾವಾಗ ನೋಡಿದ್ರಂತೆ?" ಎಂದಳು ನನ್ನಾಕೆ.

ನಾನು ನಗದೇ ಇದ್ದ ಜಾಗ ಒಂದೇ. ಒಬ್ಬ ವ್ಯಾಪಾರಸ್ಥ ಬೀಚಿಗೆ ಬಂದರೂ ಪ್ಯಾರಿಸ್ಸಿನಿಂದ ಫೋನ್ ಬಂದಾಗಲೆಲ್ಲ ಓಡುತ್ತಾನೆ. ನಮಗೆ ಆಗ ಫೋನಿನ ಕಾಟ ಇರಲಿಲ್ಲ, ನಿಜ. ಆದರೆ ಮಗಳು ಚಿಕ್ಕವಳಿದ್ದಾಗ ಗೋಕರ್ಣಕ್ಕೆ ಹೋದ ಮೂರು ದಿನವೂ ಟ್ಯಾಲಿ ಆಗದ ಲೆಡ್ಜರೊಂದು ನನ್ನ ತಲೆಯಲ್ಲೇ ಕೂತಿತ್ತು. ಅವಳು ಕಟ್ಟಿದ ಮರಳಿನ ಮನೆ ಹೇಗಿತ್ತೆಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ. ಇದನ್ನು ಅವಳಿಗೂ ಹೇಳಿಲ್ಲ.

ಕೊನೆಗೆ ರಜೆ ಮುಗಿದು ಎಲ್ಲರೂ ಕೈಕುಲುಕಿ ಬೀಳ್ಕೊಡುತ್ತಾರೆ, ಉಲೋನನ್ನು ಬಿಟ್ಟು. ಅವನು ಮಕ್ಕಳ ನಡುವೆ ಮರಳಿನಲ್ಲಿ ಕೂರುತ್ತಾನೆ.

"ಯಾಕಜ್ಜಾ, ಅವನಿಗೆ ಯಾರೂ ಟಾಟಾ ಮಾಡಲ್ವಾ?"

"ತಡಿ, ನೋಡು."

ಹೆಂಡತಿಯ ಹಿಂದೆ ನಡೆಯುತ್ತಿದ್ದ ಆ ಮುದುಕ ಬಂದು ಉಲೋನ ಕೈ ಹಿಡಿಯುತ್ತಾನೆ. ಇಂಗ್ಲಿಷ್ ಹೆಂಗಸೊಬ್ಬಳೂ ಬರುತ್ತಾಳೆ. ಅಷ್ಟೇ.

ಚಿತ್ರದಲ್ಲಿ ಊಟದ ಕೋಣೆಯ ಬಾಗಿಲು ಪ್ರತಿ ಸಲವೂ 'ಟೊಂಯ್' ಎನ್ನುತ್ತದೆ. ಮೊಮ್ಮಗ ಊರಿಗೆ ಹೊರಡುವವರೆಗೂ ನಮ್ಮ ಅಡುಗೆಮನೆ ಬಾಗಿಲು ತಳ್ಳಿದಾಗಲೆಲ್ಲ ತಾನೇ 'ಟೊಂಯ್' ಎನ್ನುತ್ತಿದ್ದ. ಈಗ ನನ್ನಾಕೆ ಅನ್ನುತ್ತಾಳೆ.